ಐದು ಗುರಿ ಹಿಡಿದು ಕೂತಿದ್ದೀರಿ, ಯಾವುದನ್ನು ಕೆಳಗಿಡಬೇಕು?

ಪ್ರಶ್ನೆ: ನನಗೆ 31 ವರ್ಷ. ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಏನಾದರೂ ಸಾಧಿಸಬೇಕು ಅಂತ ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ. ಬಡ್ತಿಗೆ ಬೇಕಾದ ಪರೀಕ್ಷೆಯಲ್ಲಿ ಎರಡು ಪೇಪರ್ ಬಾಕಿ ಇದೆ. ಜೊತೆಗೆ ಜರ್ಮನ್ ಕಲಿಯುತ್ತಿದ್ದೇನೆ, ಪ್ರೋಗ್ರಾಮಿಂಗ್ ಕೋರ್ಸಿಗೆ ಸೇರಿದ್ದೇನೆ, ಹಾಫ್ ಮ್ಯಾರಥಾನ್‌ಗಾಗಿ ಬೆಳಗ್ಗೆ ಓಡುತ್ತೇನೆ, ಒಂದು ವಿಡಿಯೋ ಚಾನೆಲ್ ಕೂಡ ಇದೆ. ಐದಕ್ಕೂ ಬೇರೆ ಬೇರೆ ಬಣ್ಣ ಹಚ್ಚಿ ಟೈಮ್‌ಟೇಬಲ್ ಮಾಡಿದ್ದೇನೆ. ಒಂದೂ ಮುಗಿಯುತ್ತಿಲ್ಲ. "ಒಂದೇ ಗುರಿ ಇಟ್ಟುಕೋ" ಅಂತ ಎಲ್ಲರೂ ಹೇಳುತ್ತಾರೆ. ಈ ಕಾಲದಲ್ಲಿ ನಾಲ್ಕು ವಿದ್ಯೆ ಗೊತ್ತಿರಬೇಕು ಅಲ್ವಾ? ನಿಜಕ್ಕೂ ಒಂದೇ ಸಾಕಾ? ಹಾಗಿದ್ದರೆ ಯಾವುದನ್ನು ಬಿಡಲಿ? ಬಿಟ್ಟ ಮೇಲೆ ಅದೇ ಬೇಕಿತ್ತು ಅನಿಸಿದರೆ? (ಉದ್ದದ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿ ಕೊಟ್ಟಿದೆ.)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಯಾಕೆ ಅಂತ ಆಮೇಲೆ ನೋಡೋಣ. ಹೌದು, ಒಂದೇ ಗುರಿ ಇಟ್ಟುಕೊಳ್ಳಿ. ಜೀವನಪೂರ್ತಿ ಬೇಡ, ಒಂದು ಅವಧಿಗೆ ಸಾಕು. ಈ ಅವಧಿಗೆ ನಿಮ್ಮ ಗುರಿ ಪರೀಕ್ಷೆ. ಉಳಿದ ನಾಲ್ಕನ್ನು ಕೆಳಗಿಡಿ. ಕೆಳಗಿಡುವುದಕ್ಕೂ ಒಂದು ರೀತಿ ಇದೆ. ನನ್ನ ಹತ್ತಿರ ಸಲಹೆಗೆ ಬರುವವರಲ್ಲಿ ಗುರಿ ಆರಿಸಲಾಗದೆ ಸೋತವರು ಕಡಿಮೆ. ಆರಿಸದೆ ಉಳಿದದ್ದನ್ನು ಏನು ಮಾಡಬೇಕು ಅಂತ ಗೊತ್ತಾಗದೆ ಸೋತವರೇ ಜಾಸ್ತಿ.

ಇನ್ನೊಂದು ಮಾತು. ನೀವು ಸೋಮಾರಿ ಅಲ್ಲ. ನಿಮ್ಮ ಪತ್ರದ ತುಂಬಾ "ನನಗೆ ಶಿಸ್ತಿಲ್ಲ" ಅನ್ನುವ ಧಾಟಿ ಇದೆ. ಬೆಳಗ್ಗೆ ಎದ್ದು ಓಡಿ, ದಿನವಿಡೀ ಲೆಕ್ಕ ನೋಡಿ, ರಾತ್ರಿ ಮತ್ತೆ ಪುಸ್ತಕ ತೆರೆಯುವವರಿಗೆ ಶಿಸ್ತಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಶಿಸ್ತು ಬೇಕಾದಷ್ಟಿದೆ, ಅದನ್ನು ಐದು ಪಾಲು ಮಾಡಿ ಹಂಚಿದ್ದೀರಿ ಅಷ್ಟೆ.

ನೀವೇ ಬರೆದಿರುವ ಒಂದು ರಾತ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎಂಟು ಗಂಟೆಗೆ ಪರೀಕ್ಷೆಯ ಪುಸ್ತಕ ತೆರೆಯುತ್ತೀರಿ. ಒಂದು ಲೆಕ್ಕ ಅರ್ಧಕ್ಕೆ ಬಂದಾಗ ಜರ್ಮನ್ ಆ್ಯಪ್ ಟಿಂಗ್ ಅನ್ನುತ್ತದೆ, ಇವತ್ತಿನ ಪಾಠ ಮಾಡದಿದ್ದರೆ ಸ್ಟ್ರೀಕ್, ಅಂದರೆ ಒಂದು ದಿನವೂ ತಪ್ಪದೆ ಪಾಠ ಮಾಡಿದ ದಿನಗಳ ಎಣಿಕೆ, ಹೋಗುತ್ತದೆ ಅಂತ. ಐದೇ ನಿಮಿಷ ಅಂತ ಅದನ್ನು ಮುಗಿಸುತ್ತೀರಿ. ವಾಪಸ್ ಬಂದರೆ ಲೆಕ್ಕ ಎಲ್ಲಿಗೆ ನಿಂತಿತ್ತು ಅಂತ ಮರೆತಿದೆ, ಮೊದಲ ಸಾಲಿನಿಂದ ಓದುತ್ತೀರಿ. ಅಷ್ಟರಲ್ಲಿ ಚಾನೆಲ್ ನೆನಪಾಗುತ್ತದೆ, ಈ ವಾರದ ವಿಡಿಯೋ ಇನ್ನೂ ಎಡಿಟ್ ಆಗಿಲ್ಲ. ಎಡಿಟ್ ಮಾಡುವುದಿಲ್ಲ, ಸುಮ್ನೆ ನೆನಪು ಮಾಡಿಕೊಳ್ಳುತ್ತೀರಿ. ಹತ್ತು ಗಂಟೆಗೆ ಪುಸ್ತಕ ಮುಚ್ಚುವಾಗ ಎರಡು ಲೆಕ್ಕ ಆಗಿವೆ, ಎರಡೂವರೆ ಪುಟ ಓದಿದ್ದಾಗಿದೆ, ಮೈ ಮಾತ್ರ ಇಡೀ ದಿನ ದುಡಿದ ಹಾಗೆ ಸುಸ್ತು.

ಈ ಸುಸ್ತು ಎಲ್ಲಿಂದ ಬಂತು? ಮನಸ್ಸು ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುವಾಗ ಪ್ರತಿ ಸಲ ಒಂದಿಷ್ಟು ಸುಂಕ ಕಟ್ಟುತ್ತದೆ. ಇದು ಹೊಸ ಸಂಗತಿ ಏನಲ್ಲ. 1927ರಲ್ಲೇ ಆರ್ಥರ್ ಜೆರ್ಸಿಲ್ಡ್ ಎಂಬ ಮನೋವಿಜ್ಞಾನಿ ಇದನ್ನು ಅಳೆದು ತೋರಿಸಿದ್ದರು. ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡುವುದಕ್ಕಿಂತ ಎರಡು ಬಗೆಯವನ್ನು ಒಂದಾದ ಮೇಲೊಂದು ಬದಲಿಸಿ ಮಾಡಿದರೆ ಸಮಯ ಜಾಸ್ತಿ ಹಿಡಿಯುತ್ತದೆ. 2001ರಲ್ಲಿ ರೂಬಿನ್‌ಸ್ಟೈನ್, ಮೇಯರ್, ಇವಾನ್ಸ್ ಎಂಬ ಮೂವರು ಇದನ್ನು ಇನ್ನೂ ಬಿಡಿಸಿ ನೋಡಿದರು. ಕೆಲಸ ಜಟಿಲವಾದಷ್ಟೂ ಬದಲಾವಣೆಯ ನಷ್ಟ ಜಾಸ್ತಿ, ಯಾಕೆಂದರೆ ಮನಸ್ಸು ಹಳೆಯ ಕೆಲಸದ ನಿಯಮಗಳನ್ನು ಬದಿಗಿಟ್ಟು ಹೊಸದರ ನಿಯಮಗಳನ್ನು ಎತ್ತಿಕೊಳ್ಳಬೇಕು. ಪಾತ್ರೆ ತೊಳೆಯುತ್ತಾ ಹಾಡು ಕೇಳುವುದಕ್ಕೆ ಈ ತೊಂದರೆ ಇಲ್ಲ. ತೆರಿಗೆ ಲೆಕ್ಕದಿಂದ ಜರ್ಮನ್ ವ್ಯಾಕರಣಕ್ಕೆ ಹೋಗಿ ಬರುವುದಕ್ಕೆ ಖಂಡಿತ ಇದೆ.

2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಇದಕ್ಕೆ ಇನ್ನೊಂದು ಮುಖ ತೋರಿಸಿದರು. ಮೊದಲ ಕೆಲಸ ಅರ್ಧಕ್ಕೆ ನಿಂತಿದ್ದರೆ, ನೀವು ಎದ್ದು ಎರಡನೆಯದಕ್ಕೆ ಹೋದರೂ ಮನಸ್ಸಿನ ಒಂದು ಪಾಲು ಮೊದಲನೆಯದರ ಹತ್ತಿರವೇ ಉಳಿದುಬಿಡುತ್ತದೆ, ಎರಡನೆಯ ಕೆಲಸ ಅದರಿಂದ ಕೆಡುತ್ತದೆ. ಈಗ ನಿಮ್ಮ ಪರಿಸ್ಥಿತಿ ನೋಡಿ. ನಿಮ್ಮ ಹತ್ತಿರ ಅರ್ಧಕ್ಕೆ ನಿಂತ ಕೆಲಸ ಒಂದಲ್ಲ, ಐದು. ಯಾವುದಕ್ಕೆ ಕೂತರೂ ಉಳಿದ ನಾಲ್ಕು ಬೆನ್ನ ಹಿಂದೆ ನಿಂತಿರುತ್ತವೆ. ಚಾನೆಲ್‌ಗಾಗಿ ಆ ರಾತ್ರಿ ನೀವು ಒಂದು ಬೆರಳೂ ಆಡಿಸಲಿಲ್ಲ, ಆದರೂ ಅದು ತನ್ನ ಪಾಲು ತಗೊಂಡು ಹೋಯಿತು. ಗುರಿಗಳ ವಿಷಯದಲ್ಲಿ ಜನ ಲೆಕ್ಕ ಹಾಕುವುದು ಗಂಟೆಗಳನ್ನು ಮಾತ್ರ. ವಾರಕ್ಕೆ ಎರಡು ಗಂಟೆ ಜರ್ಮನ್, ಏನು ಮಹಾ ಅನ್ನುತ್ತಾರೆ. ಆ ಎರಡು ಗಂಟೆಯ ಹೊರಗೆ ಅದು ತಲೆಯಲ್ಲಿ ಎಷ್ಟು ಜಾಗ ಹಿಡಿದಿದೆ ಅನ್ನುವುದು ಯಾವ ಟೈಮ್‌ಟೇಬಲ್‌ನಲ್ಲೂ ಕಾಣುವುದಿಲ್ಲ.

ತಿಂಗಳುಗಟ್ಟಲೆ ಹೀಗೇ ನಡೆದರೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ರಾಬರ್ಟ್ ಎಮನ್ಸ್ ಮತ್ತು ಲಾರಾ ಕಿಂಗ್ 1988ರಲ್ಲಿ ಒಂದಕ್ಕೊಂದು ಅಡ್ಡ ಬರುವ ಗುರಿಗಳಿದ್ದವರನ್ನು ಅಧ್ಯಯನ ಮಾಡಿದರು. ಅಂಥವರು ಆ ಗುರಿಗಳ ಬಗ್ಗೆ ಯೋಚಿಸುವುದು ಜಾಸ್ತಿ, ಮಾಡುವುದು ಕಡಿಮೆ. ಮನಸ್ಸಿನ ನೆಮ್ಮದಿಯೂ ಕಡಿಮೆ. "ಓಡುವಾಗ ಓದಬೇಕಿತ್ತು ಅನಿಸುತ್ತದೆ, ಓದುವಾಗ ಕೋರ್ಸ್ ಮಾಡಬೇಕಿತ್ತು ಅನಿಸುತ್ತದೆ" ಅಂತ ನೀವು ಬರೆದ ಸಾಲು ಇದೇ.

ಇನ್ನು ನಿಮ್ಮ ಬಣ್ಣದ ಟೈಮ್‌ಟೇಬಲ್. ಅದರ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅಷ್ಟು ಚೆನ್ನಾಗಿ ಯೋಜನೆ ಮಾಡಿಯೂ ಯಾಕೆ ಕೆಲಸ ಆಗುತ್ತಿಲ್ಲ ಅನ್ನುವುದೇ ನಿಮಗೆ ದೊಡ್ಡ ಒಗಟು. ಯಾವಾಗ, ಎಲ್ಲಿ, ಹೇಗೆ ಅಂತ ಮೊದಲೇ ನಿರ್ಧರಿಸಿದರೆ ಕೆಲಸ ಆಗುವ ಸಾಧ್ಯತೆ ಹೆಚ್ಚು, ಇದಕ್ಕೆ ಗಟ್ಟಿ ಪುರಾವೆ ಇದೆ. ಪೀಟರ್ ಗೋಲ್‌ವಿಟ್ಜರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ ಇಂಥ 94 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿ, ಪರಿಣಾಮ ಚೆನ್ನಾಗಿಯೇ ಇದೆ ಅಂದರು. ಆದರೆ 2012ರಲ್ಲಿ ಏಮಿ ಡಾಲ್ಟನ್ ಮತ್ತು ಸ್ಟೀಫನ್ ಸ್ಪಿಲ್ಲರ್ ಒಂದು ಸಣ್ಣ ಪ್ರಶ್ನೆ ಕೇಳಿದರು. ಒಂದು ಗುರಿಗೆ ಯೋಜನೆ ಹಾಕಿದರೆ ಸರಿ, ಹಲವು ಗುರಿಗಳಿಗೆ ಒಟ್ಟಿಗೆ ಹಾಕಿದರೆ? ಆಗ ಲಾಭ ಕರಗಿಹೋಯಿತು. ಪ್ರತಿಯೊಂದಕ್ಕೂ ಗಂಟೆ, ಜಾಗ, ಅಡ್ಡಿ ಎಲ್ಲ ಬರೆಯುತ್ತಾ ಹೋದ ಹಾಗೆ ಇದೆಲ್ಲ ಎಷ್ಟು ಕಷ್ಟ ಅನ್ನುವುದೇ ಎದ್ದು ಕಾಣತೊಡಗುತ್ತದೆ, ಮಾಡುತ್ತೇನೆ ಅನ್ನುವ ಬದ್ಧತೆಯೇ ಸಡಿಲವಾಗುತ್ತದೆ. ಹಾಗಾಗಿ ಟೈಮ್‌ಟೇಬಲ್ ಮಾಡಿದ್ದು ತಪ್ಪಲ್ಲ. ಒಂದು ಬಣ್ಣದ್ದಾಗಿದ್ದರೆ ಅದು ಕೆಲಸ ಮಾಡುತ್ತಿತ್ತು.

ಈಗ ನಿಮ್ಮ ಆಕ್ಷೇಪಕ್ಕೆ ಬರೋಣ. ನಾಲ್ಕು ವಿದ್ಯೆ ಬೇಕಲ್ಲವೇ ಅಂದಿರಿ. ಬೇಕು. ಒಂದೇ ಗುರಿ ಅಂದಕೂಡಲೇ ನಮ್ಮ ಕಡೆ ಅರ್ಜುನನ ಹಕ್ಕಿಯ ಕಣ್ಣು ಬಂದೇ ಬರುತ್ತದೆ. ಮರ ಕಾಣುತ್ತಿಲ್ಲ, ಕೊಂಬೆ ಕಾಣುತ್ತಿಲ್ಲ, ಕಣ್ಣು ಮಾತ್ರ ಕಾಣುತ್ತಿದೆ. ಕತೆ ಹೇಳುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅದೇ ಅರ್ಜುನ ವಿರಾಟನ ಮನೆಯಲ್ಲಿ ಬೃಹನ್ನಳೆಯಾಗಿ ಉತ್ತರೆಗೆ ಹಾಡು, ಕುಣಿತ ಕಲಿಸಲಿಲ್ಲವೇ? ಆ ವಿದ್ಯೆಯೂ ಅವನಿಗೆ ಬರುತ್ತಿತ್ತು. ಬಾಣ ಹೂಡಿದ ಹೊತ್ತಿನಲ್ಲಿ ಮಾತ್ರ ಅದರ ಯೋಚನೆ ಮಾಡಲಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ, ಅಂದರೆ ಬಿಟ್ಟದ್ದೇ ಬೇಕಿತ್ತು ಅನಿಸಿದರೆ ಅನ್ನುವುದಕ್ಕೆ, ನನಗೆ ಗೊತ್ತಿರುವ ಒಳ್ಳೆಯ ಉತ್ತರ ಗಣಿತಜ್ಞ ಆ್ಯಂಡ್ರ್ಯೂ ವೈಲ್ಸ್ ಅವರ ಕತೆ. ಅವರ ಏಕಾಗ್ರತೆಯನ್ನು ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ಅರ್ಧ ಭಾಗ ಯಾರೂ ಹೇಳುವುದಿಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗ ಲೈಬ್ರರಿಯ ಪುಸ್ತಕವೊಂದರಲ್ಲಿ ಫರ್ಮಾನ ಕೊನೆಯ ಪ್ರಮೇಯ ಓದಿ, ಇದನ್ನು ನಾನು ಬಿಡಿಸಬೇಕು ಅಂತ ಆಸೆಪಟ್ಟವರು ಅವರು. ಯಾರಿಗೂ ಸಾಧಿಸಿ ತೋರಿಸಲಾಗದೆ ಉಳಿದಿದ್ದ, ಮುನ್ನೂರು ವರ್ಷಕ್ಕೂ ಹಳೆಯ ಗಣಿತದ ಸಮಸ್ಯೆ ಅದು. ಕೇಂಬ್ರಿಜ್‌ಗೆ ಸಂಶೋಧನೆಗೆ ಸೇರಿದಾಗ ಏನು ಮಾಡಿದರು? ಆ ಆಸೆಯನ್ನು ಬದಿಗಿಟ್ಟರು. ಮಾರ್ಗದರ್ಶಕ ಜಾನ್ ಕೋಟ್ಸ್ ಅವರ ಕೈಕೆಳಗೆ ಎಲಿಪ್ಟಿಕ್ ಕರ್ವ್ ಎಂಬ ಬೇರೆಯೇ ವಿಷಯ ಹಿಡಿದು ವರ್ಷಗಟ್ಟಲೆ ಅದರಲ್ಲೇ ಮುಳುಗಿದರು. 1986ರಲ್ಲಿ ಕೆನ್ ರಿಬೆಟ್ ಎಂಬ ಇನ್ನೊಬ್ಬ ಗಣಿತಜ್ಞ, ಎಲಿಪ್ಟಿಕ್ ಕರ್ವ್‌ಗಳ ಬಗೆಗಿನ ಒಂದು ಊಹೆ ನಿಜವಾದರೆ ಫರ್ಮಾನ ಪ್ರಮೇಯವೂ ನಿಜ ಅಂತ ಸಾಧಿಸಿ ತೋರಿಸಿದರು. ಬದಿಗಿಟ್ಟ ಆಸೆ ತಿರುಗಿ ಬಂತು. ಅಷ್ಟರಲ್ಲಿ ಅದಕ್ಕೆ ಬೇಕಾದ ವಿದ್ಯೆ ಕೈಯಲ್ಲಿತ್ತು.

ಅಲ್ಲಿಂದ ಏಳು ವರ್ಷ ಮನೆಯ ಅಟ್ಟದ ಕೋಣೆಯಲ್ಲಿ, ಹೆಚ್ಚುಕಡಿಮೆ ಯಾರಿಗೂ ಹೇಳದೆ, ಇದಕ್ಕೆ ಸಂಬಂಧಿಸದ ಸಂಶೋಧನೆಯನ್ನೆಲ್ಲ ಬಿಟ್ಟು ಕೂತರು. ಪಾಠ ಮಾಡುವುದನ್ನು ಬಿಡಲಿಲ್ಲ, ಹೆಂಡತಿ ಮಕ್ಕಳನ್ನು ಬಿಡಲಿಲ್ಲ. ಮೊದಲೇ ಮುಗಿಸಿಟ್ಟಿದ್ದ ಹಳೆಯ ಸಂಶೋಧನೆಯನ್ನು ಸ್ವಲ್ಪ ಸ್ವಲ್ಪವಾಗಿ ಪ್ರಕಟಿಸುತ್ತಾ ಇದ್ದರು, ಈತ ಏನು ಮಾಡುತ್ತಿದ್ದಾನೆ ಅಂತ ಯಾರಿಗೂ ಅನುಮಾನ ಬರದ ಹಾಗೆ. (ಈ ಒಂದು ವಿವರ ನನಗೆ ಇಡೀ ಕತೆಯಲ್ಲಿ ಬಹಳ ಇಷ್ಟ.) 1993ರ ಜೂನ್‌ನಲ್ಲಿ ಉತ್ತರ ಸಿಕ್ಕಿತು ಅಂತ ಘೋಷಿಸಿದರು, ಆಮೇಲೆ ಅದರಲ್ಲಿ ದೋಷ ಸಿಕ್ಕಿತು. ರಿಚರ್ಡ್ ಟೇಲರ್ ಜೊತೆ ಸೇರಿ 1994ರ ಸೆಪ್ಟೆಂಬರ್‌ನಲ್ಲಿ ಅದನ್ನು ಸರಿಪಡಿಸಿದರು, 1995ರಲ್ಲಿ ಅಚ್ಚಾಯಿತು. ಕೆಳಗಿಟ್ಟ ಗುರಿ ಸತ್ತೇ ಹೋಗುತ್ತದೆ ಅಂತ ಹೆದರುವವರಿಗೆಲ್ಲ ನಾನು ಇದನ್ನು ಹೇಳುತ್ತೇನೆ.

ಗುರಿ ಬದಲಾಯಿಸುವುದೂ ದ್ರೋಹವಲ್ಲ. ಎಲಿಯುಡ್ ಕಿಪ್ಚೋಗೆ 2003ರಲ್ಲಿ ಪ್ಯಾರಿಸ್‌ನಲ್ಲಿ 5000 ಮೀಟರ್ ಓಟದ ವಿಶ್ವ ಚಾಂಪಿಯನ್ ಆಗಿದ್ದವರು. 2012ರ ಒಲಿಂಪಿಕ್ಸ್‌ಗೆ ಕೀನ್ಯಾ ತಂಡದಲ್ಲಿ ಜಾಗ ಸಿಗಲಿಲ್ಲ. ಮರುವರ್ಷ ಮ್ಯಾರಥಾನ್‌ಗೆ ಬಂದರು, 2016 ಮತ್ತು ಟೋಕಿಯೋ ಒಲಿಂಪಿಕ್ಸ್ ಎರಡರಲ್ಲೂ ಚಿನ್ನ ಗೆದ್ದರು. ಟ್ರ್ಯಾಕ್ ಓಟವೂ ಇರಲಿ, ಮ್ಯಾರಥಾನ್ನೂ ಇರಲಿ ಅಂತ ಎರಡರಲ್ಲೂ ಅರ್ಧರ್ಧ ನಿಲ್ಲಲಿಲ್ಲ.

ಸ್ವಲ್ಪ ಕಹಿ ಮಾತು ಒಂದಿದೆ, ಬೇಜಾರು ಮಾಡಿಕೊಳ್ಳಬೇಡಿ. ಐದು ಗುರಿ ಇಟ್ಟುಕೊಳ್ಳುವುದರಲ್ಲಿ ಒಂದು ಸುಖ ಇದೆ. ಯಾವುದರಲ್ಲೂ ಪೂರ್ತಿ ಸೋಲಬೇಕಾಗಿಲ್ಲ. ಪರೀಕ್ಷೆ ಪಾಸಾಗಲಿಲ್ಲವಾ, ಕೋರ್ಸ್ ಮಾಡುತ್ತಿದ್ದೆನಲ್ಲ. ಕೋರ್ಸ್ ಮುಗಿಯಲಿಲ್ಲವಾ, ಓಟ ಇತ್ತಲ್ಲ. ಒಂದೇ ಇಟ್ಟುಕೊಂಡು ಅದರಲ್ಲಿ ಸೋತರೆ ನೆಪ ಇರುವುದಿಲ್ಲ, ನನ್ನ ಕೈಲಿ ಆಗಲಿಲ್ಲ ಅಂತ ಒಪ್ಪಿಕೊಳ್ಳಬೇಕಾಗುತ್ತದೆ. ಜನ ಹೊಸ ಗುರಿ ಹಿಡಿಯುವುದು ಯಾವಾಗ ಅಂತ ಗಮನಿಸುತ್ತಾ ಬಂದಿದ್ದೇನೆ. ಎಲ್ಲ ಸರಿಯಾಗಿ ನಡೆಯುವಾಗ ಹಿಡಿಯುವುದು ಅಪರೂಪ. ಮಾಕ್ ಟೆಸ್ಟ್‌ನಲ್ಲಿ ಕಡಿಮೆ ಅಂಕ ಬಂದ ಮರುದಿನ, ಮೇಲಧಿಕಾರಿ ಬೈದ ವಾರ, ಆಗ ಹಿಡಿಯುತ್ತಾರೆ. ನಿಮ್ಮ ಕ್ಯಾಲೆಂಡರ್ ತೆಗೆದು ನೋಡಿ. ಜರ್ಮನ್ ಶುರು ಮಾಡಿದ್ದು ಪರೀಕ್ಷೆಯ ಫಲಿತಾಂಶ ಬಂದ ಆಸುಪಾಸಿನಲ್ಲಿ ಇದ್ದರೆ ನನಗೆ ಆಶ್ಚರ್ಯವಿಲ್ಲ.

2016ರಲ್ಲಿ ಜಿಹೇ ಶಿನ್ ಮತ್ತು ಕೇಟಿ ಮಿಲ್ಕ್‌ಮನ್ ಪ್ರಕಟಿಸಿದ ಅಧ್ಯಯನವೂ ಇದರ ಹತ್ತಿರ ಬರುತ್ತದೆ. ಇದಾಗದಿದ್ದರೆ ಇನ್ನೊಂದು ಅಂತ ಪರ್ಯಾಯದ ಬಗ್ಗೆ ಸುಮ್ನೆ ಯೋಚಿಸಿದರೂ ಸಾಕು, ಮೊದಲನೆಯದನ್ನು ಗೆಲ್ಲಬೇಕೆಂಬ ಆಸೆ ಕಡಿಮೆಯಾಗುತ್ತದೆ, ಪ್ರಯತ್ನವೂ ಸಡಿಲಾಗುತ್ತದೆ. ಆದರೆ ಇದನ್ನು ಓದಿ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ! ಬಂದ ದೋಣಿ ಸುಟ್ಟುಬಿಡು, ಆಗ ಗೆಲ್ಲುತ್ತೀಯ ಅನ್ನುವ ಭಾಷಣ ನನಗೆ ಒಂದಿಷ್ಟೂ ಹಿಡಿಸುವುದಿಲ್ಲ. ಸ್ವಂತ ಉದ್ಯಮ ಶುರು ಮಾಡಿದವರ ಮೇಲೆ ರಾಫೀ ಮತ್ತು ಫೆಂಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ನೌಕರಿಯಲ್ಲಿ ಇದ್ದುಕೊಂಡೇ ಶುರು ಮಾಡಿ ಆಮೇಲೆ ಪೂರ್ತಿ ಇಳಿದವರು ಅರ್ಧದಲ್ಲಿ ಕೈಬಿಡುವ ಅಪಾಯ ಶೇಕಡಾ 33ರಷ್ಟು ಕಡಿಮೆ ಇತ್ತು. ನೌಕರಿ ನಿಮ್ಮ ಎರಡನೇ ಗುರಿಯಲ್ಲ, ಕಾಲಡಿಯ ನೆಲ. ನಿದ್ದೆ, ಆರೋಗ್ಯ, ಮನೆಯವರು, ಇವೂ ಅಷ್ಟೆ. ಇವನ್ನು ತ್ಯಾಗ ಮಾಡಿ ಒಂದೇ ಗುರಿ ಅನ್ನುವವರ ಮಾತು ಕೇಳಬೇಡಿ.

ಹಾಗಾದರೆ ಪರೀಕ್ಷೆಯೇ ಯಾಕೆ? ಮನಸ್ಸಿಗೆ ಯಾವುದು ಇಷ್ಟ ಅಂತ ಕೇಳಿಕೊಳ್ಳಿ ಅನ್ನುವುದು ಸಾಮಾನ್ಯ ಸಲಹೆ. ನಿಮಗೆ ಅದರಿಂದ ಉಪಯೋಗ ಆಗಲಿಕ್ಕಿಲ್ಲ, ಯಾಕೆಂದರೆ ಐದೂ ಇಷ್ಟ, ಅದಕ್ಕೇ ಅಲ್ವಾ ಐದು ಇಟ್ಟುಕೊಂಡಿರುವುದು. ನಾನು ನೋಡುವುದು ಬೇರೆ. ಯಾವುದು ಮುಗಿದರೆ ಉಳಿದವು ಸುಲಭವಾಗುತ್ತವೆ? ಪರೀಕ್ಷೆ ಪಾಸಾದರೆ ಬಡ್ತಿ, ಬಡ್ತಿಯಿಂದ ಒಂದಿಷ್ಟು ಹಣ, ಒಂದಿಷ್ಟು ಸಮಾಧಾನ. ಜರ್ಮನ್ ಬಂದರೆ ಪರೀಕ್ಷೆ ಸುಲಭವಾಗುವುದಿಲ್ಲ. ಯಾವುದಕ್ಕೆ ಹೊರಗಿನಿಂದ ನಿಗದಿಯಾದ ದಿನ ಇದೆ? ಪರೀಕ್ಷೆಗೆ ಇದೆ. ಚಾನೆಲ್‌ಗೆ ಮುಗಿಯುವುದು ಅನ್ನುವುದೇ ಇಲ್ಲ. ಮುಗಿಯದೇ ಇರುವಂಥದ್ದನ್ನು ಮೊದಲ ಗುರಿ ಮಾಡಿಕೊಂಡರೆ ಗೆದ್ದೆ ಅಂತ ಹೇಳುವ ದಿನ ಬರುವುದೇ ಇಲ್ಲ. ಇನ್ನು ಉಳಿದಿರುವುದು ಎರಡೇ ಪೇಪರ್.

ಒಂದು ಎಚ್ಚರಿಕೆ ಬೇಕು. ಇಷ್ಟು ವರ್ಷ ಓದಿದ್ದೇನೆ, ಇಷ್ಟು ದುಡ್ಡು ಹಾಕಿದ್ದೇನೆ ಅನ್ನುವ ಕಾರಣಕ್ಕೆ ಪರೀಕ್ಷೆಯನ್ನು ಆರಿಸಬೇಡಿ. ಹೋದ ದುಡ್ಡಿನ ಮುಖ ನೋಡಿ ಮುಂದುವರಿಯುವ ಈ ಅಭ್ಯಾಸವನ್ನು ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲೇ ಚೆನ್ನಾಗಿ ತೋರಿಸಿದ್ದರು. ನಾಟಕದ ಸೀಸನ್ ಟಿಕೆಟ್‌ಗೆ ಪೂರ್ತಿ ದುಡ್ಡು ಕೊಟ್ಟವರು, ರಿಯಾಯಿತಿ ಸಿಕ್ಕಿದವರಿಗಿಂತ ಹೆಚ್ಚು ನಾಟಕಗಳಿಗೆ ಹೋದರು. ನಾಟಕ ಎಲ್ಲರಿಗೂ ಒಂದೇ, ಕೊಟ್ಟ ದುಡ್ಡು ಮಾತ್ರ ಬೇರೆ. ಹಾಗಾಗಿ ಹೀಗೆ ಕೇಳಿಕೊಳ್ಳಿ: ಈ ಪರೀಕ್ಷೆಗೆ ನಾನು ಇವತ್ತೇ ಮೊದಲ ಸಲ ಬಂದಿದ್ದೇನೆ, ಇರುವುದೇ ಎರಡು ಪೇಪರ್, ಪಾಸಾದರೆ ಈ ಬಡ್ತಿ. ಶುರು ಮಾಡುತ್ತೇನಾ? ನಿಮ್ಮ ಪತ್ರ ಓದಿದರೆ ಹೌದು ಅನ್ನುತ್ತೀರಿ ಅಂತ ನನ್ನ ಅಂದಾಜು. ಇಲ್ಲ ಅನ್ನುವುದಾದರೆ ಈ ಉತ್ತರದಲ್ಲಿ ಪರೀಕ್ಷೆ ಅಂತ ಇರುವಲ್ಲೆಲ್ಲ ಇನ್ನೊಂದನ್ನು ಹಾಕಿಕೊಂಡು ಓದಿ, ವಿಧಾನ ಅದೇ.

ಈಗ ಮುಖ್ಯವಾದದ್ದು, ಕೆಳಗಿಡುವುದು ಹೇಗೆ. ನಾಳೆಯಿಂದ ಜರ್ಮನ್ ಬೇಡ ಅಂತ ಮನಸ್ಸಿನಲ್ಲೇ ಅಂದುಕೊಂಡರೆ ಅದು ಹೋಗುವುದಿಲ್ಲ. ಅರ್ಧಕ್ಕೆ ನಿಂತದ್ದು ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ. 2011ರಲ್ಲಿ ಮಸಿಕ್ಯಾಂಪೋ ಮತ್ತು ಬಾಮೈಸ್ಟರ್ ತೋರಿಸಿದ್ದು ಬಹಳ ಉಪಯೋಗದ ಸಂಗತಿ. ಆ ಕೊರೆತ ನಿಲ್ಲಬೇಕಾದರೆ ಕೆಲಸ ಮುಗಿಯಲೇಬೇಕು ಅಂತಿಲ್ಲ, ಅದನ್ನು ಯಾವಾಗ ಹೇಗೆ ಮಾಡುತ್ತೇನೆ ಅಂತ ಖಚಿತವಾದ ಯೋಜನೆ ಇದ್ದರೂ ಸಾಕು. ಮನಸ್ಸಿಗೆ ಬೇಕಾದದ್ದು ಭರವಸೆ.

ಆದ್ದರಿಂದ ಒಂದು ಹಾಳೆ ತಗೊಳ್ಳಿ. ನಾಲ್ಕು ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ಈಗ ಎಲ್ಲಿಗೆ ನಿಲ್ಲಿಸಿದ್ದೀರಿ, ಮತ್ತೆ ಯಾವ ದಿನ ಇದನ್ನು ತೆರೆದು ನೋಡುತ್ತೀರಿ, ಆ ದಿನ ಮೊದಲು ಏನು ಮಾಡುತ್ತೀರಿ. ಹೀಗೆ: "ಜರ್ಮನ್. ಒಂಬತ್ತನೇ ಪಾಠದವರೆಗೆ ಆಗಿದೆ. ಕೊನೆಯ ಪೇಪರ್ ಮುಗಿದ ಮೇಲಿನ ಎರಡನೇ ಸೋಮವಾರ ನೋಡುವುದು. ಮೊದಲು ಏಳು, ಎಂಟನೇ ಪಾಠ ಇನ್ನೊಮ್ಮೆ ಕೇಳುವುದು." ತಾರೀಖು ಇರಲೇಬೇಕು. "ಆಮೇಲೆ ನೋಡೋಣ" ಅಂತ ಬರೆದರೆ ಮನಸ್ಸು ನಂಬುವುದಿಲ್ಲ. ಆ್ಯಪ್ ಫೋನಿನಿಂದ ತೆಗೆಯಿರಿ. ಸ್ಟ್ರೀಕ್ ಹೋಗಲಿ ಬಿಡಿ, ಅದು ಆ್ಯಪ್‌ನವರ ಗುರಿ, ನಿಮ್ಮದಲ್ಲ.

ಕಲಿತದ್ದೆಲ್ಲ ಮರೆತುಹೋದರೆ ಅನ್ನುವ ಭಯ ಇರುತ್ತದೆ. ಒಂದಿಷ್ಟು ಮರೆಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಕಂಡದ್ದು ಇದು: ಮರೆತೇ ಹೋಯಿತು ಅನಿಸಿದ್ದನ್ನು ಎರಡನೇ ಸಲ ಕಲಿಯಲು ಮೊದಲ ಸಲದಷ್ಟು ಸಮಯ ಬೇಕಾಗುವುದಿಲ್ಲ. ಮೊದಲ ಕಲಿಕೆಯ ಗುರುತು ಒಳಗೆ ಉಳಿದಿರುತ್ತದೆ.

ಓಟದ ವಿಷಯ ಬೇರೆ, ಅದನ್ನು ಬಿಡಬೇಡಿ. ಹಾಫ್ ಮ್ಯಾರಥಾನ್ ಅನ್ನುವ ಗುರಿಯನ್ನು ಮಾತ್ರ ತೆಗೆಯಿರಿ. ವಾಚ್ ನೋಡದೆ, ದೂರ ಅಳೆಯದೆ, ಮೈಗೆ ಹಿತವಾಗುವಷ್ಟು ಓಡಿ. ಒಂದು ದಿನ ಓಡದಿದ್ದರೆ ಪಾಪಪ್ರಜ್ಞೆ ಬರುತ್ತದೆ ಅಂದರೆ ಅದು ಇನ್ನೂ ಗುರಿಯಾಗಿಯೇ ಉಳಿದಿದೆ ಅಂತ ಅರ್ಥ. ಹವ್ಯಾಸಕ್ಕೆ ಫಲಿತಾಂಶ ಇಲ್ಲ, ಕೊನೆಯ ದಿನಾಂಕ ಇಲ್ಲ, ಅದು ತಲೆಯಲ್ಲಿ ಜಾಗ ಹಿಡಿಯುವ ಬದಲು ಬಿಟ್ಟುಕೊಡುತ್ತದೆ. ಐನ್‌ಸ್ಟೈನ್ ಪಿಟೀಲು ನುಡಿಸುತ್ತಿದ್ದರು ಅಂತ ಎಲ್ಲರಿಗೂ ಗೊತ್ತು. ಅದು ಅವರಿಗೆ ಹವ್ಯಾಸವಾಗಿಯೇ ಉಳಿದಿತ್ತು.

ಇನ್ನು ಉಳಿದ ಒಂದು ಗುರಿ. "ಚೆನ್ನಾಗಿ ಓದಬೇಕು" ಅನ್ನುವುದು ಗುರಿಯಲ್ಲ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಟ್ಟಲೆ ಗುರಿಗಳ ಬಗ್ಗೆಯೇ ಸಂಶೋಧನೆ ಮಾಡಿದವರು. ನಿಮ್ಮ ಕೈಲಾದಷ್ಟು ಮಾಡಿ ಅನ್ನುವುದಕ್ಕಿಂತ ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ ಕೊಟ್ಟಾಗ ಜನ ಉತ್ತಮವಾಗಿ ಮಾಡುತ್ತಾರೆ ಅನ್ನುವುದು ಅವರು ಮತ್ತೆ ಮತ್ತೆ ಕಂಡ ಫಲಿತಾಂಶ. (ಗುರಿ ಬರೆದಿಟ್ಟ ಶೇಕಡಾ 3 ಮಂದಿ ಉಳಿದವರೆಲ್ಲರಿಗಿಂತ ಹೆಚ್ಚು ಸಂಪಾದಿಸಿದರು ಅಂತ ಯೇಲ್ ವಿಶ್ವವಿದ್ಯಾಲಯದ 1953ರ ಅಧ್ಯಯನವೊಂದನ್ನು ಭಾಷಣಕಾರರು ಹೇಳುತ್ತಿರುತ್ತಾರಲ್ಲ, ಅಂಥ ಅಧ್ಯಯನ ನಡೆದದ್ದಕ್ಕೆ ದಾಖಲೆಯೇ ಇಲ್ಲ. ಹುಡುಕಿದವರಿಗೆ ಏನೂ ಸಿಕ್ಕಿಲ್ಲ.) ನಿಮಗೆ ಸ್ಪಷ್ಟ ಅಂದರೆ ಹೀಗಿರಬೇಕು: ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಮೇಜಿಗೆ ಹೋಗುವುದು, ಫೋನ್ ಬೇರೆ ಕೋಣೆಯಲ್ಲಿ, ನಿನ್ನೆ ತಪ್ಪಾದ ಲೆಕ್ಕ ಮೊದಲು, ಆಮೇಲೆ ಹೊಸದು. ತಟ್ಟೆ ತೊಳೆಯುವುದು ದಿನಾ ಇದ್ದೇ ಇರುತ್ತದೆ, ಅದೇ ಗಂಟೆ ಬಾರಿಸಿದ ಹಾಗೆ.

ಹೀಗೆ ದಿನಕ್ಕೆ ಒಂದೂವರೆ ಗಂಟೆ ಕೂತರೆ ಸಾಕು. ಅಷ್ಟೇ ಸಾಕಾ ಅಂತ ಕೇಳುತ್ತೀರಿ. ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಮೇಲೆ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಅತ್ಯುತ್ತಮರು ಕೂಡ ಪೂರ್ತಿ ಗಮನವಿಟ್ಟು ಒಬ್ಬರೇ ಅಭ್ಯಾಸ ಮಾಡುತ್ತಿದ್ದದ್ದು ದಿನಕ್ಕೆ ಸುಮಾರು ನಾಲ್ಕು ಗಂಟೆಯ ಒಳಗೇ. ಅದೂ ಬೇರೆ ನೌಕರಿ ಇಲ್ಲದವರು. ಆಫೀಸು ಮುಗಿಸಿ ಬಂದವರಿಗೆ ಒಡೆಯದ ಒಂದೂವರೆ ಗಂಟೆ ತುಂಬಾ ದೊಡ್ಡದು. ಈಗಿನ ನಿಮ್ಮ ಎರಡು ಗಂಟೆಯಲ್ಲಿ ಅಷ್ಟು ಗಮನ ಖಂಡಿತ ಇಲ್ಲ.

ಮೊದಲ ಎರಡು ವಾರ ಹುರುಪಿನಲ್ಲಿ ಹೋಗುತ್ತದೆ. ಆಮೇಲೆ ಬೇಸರ ಬರುತ್ತದೆ, ಬಂದೇ ಬರುತ್ತದೆ. ಅದೇ ಪುಸ್ತಕ, ಅದೇ ಲೆಕ್ಕ. ಲಂಡನ್‌ನ ಫಿಲಿಪಾ ಲಾಲಿ ಮತ್ತು ಸಂಗಡಿಗರು ಹೊಸ ಅಭ್ಯಾಸ ಮೈಗೂಡುವುದಕ್ಕೆ ಎಷ್ಟು ದಿನ ಬೇಕು ಅಂತ ನೋಡಿದಾಗ ಮಧ್ಯದ ಅಂಕಿ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254ರವರೆಗೆ ಅಂತ ಅಂದಾಜಾಯಿತು. 21 ದಿನ ಅನ್ನುವುದೆಲ್ಲ ಬುಡವಿಲ್ಲದ ಮಾತು. ಒಂದು ದಿನ ತಪ್ಪಿದರೂ ದೊಡ್ಡ ಹಾನಿ ಆಗುವುದಿಲ್ಲ ಅನ್ನುವುದೂ ಅದರಲ್ಲೇ ಇದೆ. ನೆಂಟರು ಬಂದರು, ಜ್ವರ ಬಂತು, ಓದು ತಪ್ಪಿತು, ಮರುದಿನ ಕೂತರೆ ಆಯಿತು. ಈ ಬೇಸರದ ಕಾಲದಲ್ಲೇ ಹೊಸ ಗುರಿಗಳು ಬಹಳ ಚೆಂದ ಕಾಣುತ್ತವೆ. ಕಂಡರೆ ಅದೇ ಹಾಳೆಯಲ್ಲಿ ಐದನೇ ಸಾಲಾಗಿ ಬರೆದಿಡಿ, ಅದೇ ಸೋಮವಾರದ ತಾರೀಖು ಹಾಕಿ. ಬರೆಯುವುದಕ್ಕೆ ತಡೆಯಿಲ್ಲ, ಶುರು ಮಾಡುವುದಕ್ಕೆ ಮಾತ್ರ ಇದೆ.

ಕೈಬಿಡುವ ನಿರ್ಧಾರಕ್ಕೂ ಈಗಲೇ ಒಂದು ದಿನ ಗೊತ್ತುಮಾಡಿ. ಫಲಿತಾಂಶ ಬಂದ ವಾರದ ಕೊನೆಗೆ ಕೂತು ಯೋಚಿಸುತ್ತೇನೆ, ಮುಂದುವರಿಸಬೇಕೋ ಬಿಡಬೇಕೋ ಅಂತ. ಅದಕ್ಕೆ ಮೊದಲು ಆ ಪ್ರಶ್ನೆ ಎತ್ತುವುದಿಲ್ಲ, ಮಾಕ್ ಟೆಸ್ಟ್ ಕೆಟ್ಟ ರಾತ್ರಿಯಂತೂ ಖಂಡಿತ ಎತ್ತುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ, ನಿಮ್ಮ ಆರೋಗ್ಯವೇ ಕೆಟ್ಟರೆ ಮಾತು ಬೇರೆ. ಆಗ ಈ ಒಂದು ಗುರಿಯನ್ನೂ ಹಾಳೆಗೆ ಸೇರಿಸಿ, ತಾರೀಖು ಮುಂದಕ್ಕೆ ಹಾಕಿ.

ಹಾಳೆಯನ್ನು ಈ ಭಾನುವಾರ ಬರೆಯಿರಿ. ಚಾನೆಲ್‌ನಲ್ಲಿ ಕೆಲವು ತಿಂಗಳು ವಿಡಿಯೋ ಬರುವುದಿಲ್ಲ ಅಂತ ಒಂದು ಸಾಲು ಹಾಕಿಬಿಡಿ, ನೋಡುವವರು ಕಾಯುತ್ತಿದ್ದಾರೆ ಅನ್ನುವ ಭಾರ ಇಳಿಯುತ್ತದೆ. ಪ್ರೋಗ್ರಾಮಿಂಗ್ ಕೋರ್ಸಿಗೆ ತಿಂಗಳು ತಿಂಗಳು ಚಂದಾ ಹೋಗುತ್ತಿದೆ ಅಂತ ಬರೆದಿದ್ದೀರಿ. ಮುಂದಿನ ಕಂತು ಕಡಿತವಾಗುವ ಮೊದಲೇ ಅದನ್ನು ನಿಲ್ಲಿಸಿ.